ಭಾಗ್ಯಳ ಗೆರೆ

ಒಂಬತ್ತನೇ ತರಗತಿಯಲ್ಲಿ ಬರೆದ ನನ್ನ ಡೈರಿಯಲ್ಲಿ ಒಂದೇ ಒಂದು ಸುಳ್ಳಿದೆ. ಉಳಿದದ್ದೆಲ್ಲ ನಿಜ. ಎಷ್ಟು ಗಂಟೆಗೆ ಎದ್ದೆ, ಎಷ್ಟು ಪುಟ ಓದಿದೆ, ಅಮ್ಮ ಯಾವ ಸಾರು ಮಾಡಿದ್ದಳು, ನಲ್ಲಿಯಲ್ಲಿ ಎಷ್ಟು ನಿಮಿಷ ನೀರು ಬಂತು, ಎಲ್ಲವೂ ತಾರೀಖಿನ ಸಮೇತ ಇವೆ. ಆ ತಾರೀಖುಗಳನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ. ಓದುವವರಿಗೆ ಬೇಸರವಾಗುತ್ತದೆ, ನನಗೂ ಈಗ ಅವು ಬೇಕಿಲ್ಲ. ಬೇಕಿರುವುದು ಸೆಪ್ಟೆಂಬರಿನ ಒಂದು ಗುರುವಾರದ ಕೆಳಗೆ ನೀಲಿ ಶಾಯಿಯಲ್ಲಿ ಬರೆದಿರುವ ಮೂರು ಪದಗಳು: 'ಇವತ್ತು ಲೆಕ್ಕ ಇಲ್ಲ.' ಅವತ್ತು ಲೆಕ್ಕ ಇತ್ತು. ಆ ವರ್ಷದಲ್ಲೇ ಒಳ್ಳೆಯ ಲೆಕ್ಕ ಅದು. ಅದನ್ನು ಬಿಡಿಸಿದವಳು ನಾನಾಗಿರಲಿಲ್ಲ, ಅಷ್ಟೆ.

ಹೊಳೆನರಸೀಪುರದ ನಮ್ಮ ಮನೆ ಒಂದರ ಹಿಂದೊಂದು ಪೋಣಿಸಿದಂತೆ ಮೂರು ಕೋಣೆಗಳ ಮನೆ. ಬೀದಿಗೆ ಪಡಸಾಲೆ, ಅದರ ಹಿಂದೆ ನಡುಮನೆ, ಕೊನೆಗೆ ಅಡುಗೆಮನೆ. ಬೀದಿಬಾಗಿಲಲ್ಲಿ ನಿಂತರೆ ನೋಟ ನೇರ ಹಿತ್ತಲಿನ ನುಗ್ಗೆಮರಕ್ಕೆ ಹೋಗಿ ಮುಟ್ಟುತ್ತಿತ್ತು. ನಡುಮನೆಯ ನೆಲ ಕೆಂಪು ಗಾರೆಯದು. ಅಮ್ಮ ದಿನಾ ಒರೆಸಿ ಒರೆಸಿ ಅದು ಮುಖ ಕಾಣುವಷ್ಟು ನುಣುಪಾಗಿತ್ತು. ಆ ನೆಲವೇ ನಮ್ಮ ಕಪ್ಪುಹಲಗೆ. ತಾತ, ಅಂದರೆ ಅಪ್ಪನ ಅಪ್ಪ, ಸರ್ವೆ ಇಲಾಖೆಯಲ್ಲಿ ಅಳತೆಯ ಸರಪಳಿ ಹಿಡಿಯುವವರಾಗಿ ಸೇರಿ ಸರಪಳಿ ಹಿಡಿಯುವವರಾಗಿಯೇ ನಿವೃತ್ತರಾದವರು. ಓದಿದ್ದು ಏಳನೆಯ ತರಗತಿ. ಆದರೆ ಎಂಥ ಸೊಟ್ಟ ಹೊಲವನ್ನು ತೋರಿಸಿದರೂ ಅದನ್ನು ತ್ರಿಕೋನಗಳಾಗಿ ಒಡೆದು ಅಳೆಯುವುದು ಅವರಿಗೆ ಗೊತ್ತಿತ್ತು. ಹೊಲದ ಉದ್ದಕ್ಕೆ ಮೊದಲು ಒಂದು ಗೆರೆ ಹಿಡಿಯಬೇಕು, ಅದರಿಂದ ಅಕ್ಕಪಕ್ಕಕ್ಕೆ ಅಳೆಯುತ್ತ ಹೋಗಬೇಕು. ಮೊದಲ ಗೆರೆ ತಪ್ಪಾದರೆ ಸಂಜೆತನಕ ಅಳೆದರೂ ಹೊಲ ಕೈಗೆ ಸಿಗುವುದಿಲ್ಲ ಎನ್ನುತ್ತಿದ್ದರು. ಬದುವಿನ ಮೇಲೆ ನಿಂತ ರೈತರು 'ಇಲ್ಲೇ ಯಾಕೆ ಸರಪಣಿ ಎಳೆದ್ರಿ, ಅಲ್ಲಿ ಯಾಕಿಲ್ಲ?' ಎಂದು ಕೇಳುತ್ತಿದ್ದರಂತೆ. ಉತ್ತರ ಹೇಳಲು ಬಾರದಿದ್ದರೆ ಬಡಿದಾಟ. ಹಾಗಾಗಿ ತಾತನಿಗೆ ಜೀವಮಾನದಲ್ಲಿ ಅಂಟಿಕೊಂಡ ಪದ 'ಯಾಕೆ?'

ಆರನೆಯ ತರಗತಿಯಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ನಡೆಯುತ್ತಿತ್ತು. ಸಂಜೆ ದೇವರ ದೀಪ ಹಚ್ಚಿದ ಮೇಲೆ, ಊಟಕ್ಕೆ ಮುಂಚೆ, ನನ್ನ ಗಣಿತದ ಪುಸ್ತಕದಿಂದ ಒಂದು ಲೆಕ್ಕ. ತಾತ ಕುರ್ಚಿಯಲ್ಲಿ, ನಾನು ನೆಲದ ಮೇಲೆ ಸೀಮೆಸುಣ್ಣ ಹಿಡಿದು. ಪ್ರತಿ ಹಂತಕ್ಕೂ ತಾತ 'ಯಾಕೆ?' ಅನ್ನಬೇಕು, ನಾನು ಕಾರಣ ಹೇಳಬೇಕು. ಸರಿಯಾದರೆ ತಾತನ ಬಲಗಡೆ ಹಲಸಿನ ಮಣೆಯ ಮೇಲೆ ಕೂತು ಊಟ ಮಾಡಬಹುದು. ಮನೆಯಲ್ಲಿದ್ದದ್ದು ಅದೊಂದೇ ಮಣೆ, ಮೂಲೆಗಳಲ್ಲಿ ಹಿತ್ತಾಳೆಯ ಹೂ ಬಡಿದದ್ದು, ಉಳಿದವರೆಲ್ಲ ಚಾಪೆ. ತಪ್ಪಾದರೆ ಒದ್ದೆ ಬಟ್ಟೆ ತಂದು ನೆಲ ಒರೆಸಬೇಕು. ಒರೆಸುವ ನಿಯಮ ಅಮ್ಮನದು.

"ಊಟದ ಹೊತ್ಗೆ ನೆಲದ್ ತುಂಬ ಎ ಬಿ ಸಿ ಡಿ! ನಾನೇನು ಸಾರಿಗೆ ಸುಣ್ಣ ಹಾಕ್ಲಾ?" ಎಂದು ದಿನಾ ಅಡುಗೆಮನೆಯಿಂದ ಕೂಗುತ್ತಿದ್ದಳು.

ಮೂರು ವರ್ಷ ಮಣೆಯೂ ನನ್ನದೇ, ಒರೆಸುವ ಬಟ್ಟೆಯೂ ನನ್ನದೇ. ಎದುರಾಳಿ ಇರಲಿಲ್ಲ. ಒಂಬತ್ತನೇ ತರಗತಿಯ ಜೂನ್‌ನಲ್ಲಿ ಭಾಗ್ಯ ಬಂದಳು.

ಭಾಗ್ಯ ನನ್ನ ಅತ್ತೆಯ ಮಗಳು, ನನಗಿಂತ ಐದು ತಿಂಗಳು ದೊಡ್ಡವಳು. ಅವರ ಊರು ಕೊಣನೂರಿನ ಹತ್ತಿರ. ಮಾವನಿಗೆ ಹೊಗೆಸೊಪ್ಪಿನ ಬೆಳೆ, ಸೊಪ್ಪನ್ನು ಕಾಯಿಸಿ ಒಣಗಿಸುವ ಎತ್ತರದ ಕೋಣೆ, ಅಂದರೆ ಬ್ಯಾರನ್, ಮನೆಯ ಪಕ್ಕದಲ್ಲೇ. ಸೊಪ್ಪು ಮುರಿಯುವ ಕಾಲ ಬಂತೆಂದರೆ ಮನೆಮಂದಿಯೆಲ್ಲ ಕಡ್ಡಿಗಳಿಗೆ ಸೊಪ್ಪು ಕಟ್ಟಲು ಕೂರಬೇಕು, ಓದು ಹಾಳಾಗುತ್ತದೆ ಎಂದು ಅತ್ತೆ ಹಟ ಹಿಡಿದು ಮಗಳನ್ನು ಇಲ್ಲಿಗೆ ಕಳಿಸಿದ್ದರು. ಮಾವನಿಗೆ ಅಷ್ಟು ಮನಸ್ಸಿರಲಿಲ್ಲ. ಬಿಟ್ಟು ಹೋಗಲು ಬಂದವರು ಕಾಫಿ ಕುಡಿದು ಲೋಟ ಕೆಳಗಿಡುತ್ತ ಅಪ್ಪನಿಗೆ ಹೇಳಿದ ಮಾತು ನನ್ನ ಡೈರಿಯಲ್ಲಿದೆ.

"ನೋಡು ಬಾವ, ಓದುದ್ರೆ ಓದ್ಲಿ. ಇಸ್ಕೂಲಿಂದ ಒಂದೇ ಒಂದು ಕಂಪ್ಲೇಂಟು ಬಂತು ಅಂದ್ರೆ ಮಾರ್ನೆ ದಿನಾನೇ ಬಂದು ಕರ್ಕೊಂಡೋಯ್ತೀನಿ. ಆಮೇಲೆ ಯಾರೂ ನನ್ನ ತಡೀಬಾರ್ದು."

ಅವಳ ಬಟ್ಟೆಗಳ ಚೀಲ ಬಿಚ್ಚಿದಾಗ ನಮ್ಮ ಬೀರುವಿನ ತುಂಬ ಹೊಗೆಸೊಪ್ಪಿನ ಘಾಟು ಹರಡಿತು. ನನ್ನ ಎರಡು ಸಮವಸ್ತ್ರಗಳಿಗೂ ಹತ್ತಿತು. ನಾನು ಮೂರು ಸಲ ಒಗೆದೆ ಎಂದು ಬರೆದುಕೊಂಡಿದ್ದೇನೆ. ಆಗಿನ್ನೂ ಹೊಟ್ಟೆಕಿಚ್ಚು ಶುರುವಾಗಿರಲಿಲ್ಲ, ಬರೀ ಸಿಡುಕು. ಕಿಚ್ಚು ಹತ್ತಿದ್ದು ಮೊದಲ ಸಂಜೆಯ ಲೆಕ್ಕದಲ್ಲಿ. ಅದೊಂದು ವಯಸ್ಸಿನ ಲೆಕ್ಕ: ತಂದೆಯ ವಯಸ್ಸು ಈಗ ಮಗಳ ವಯಸ್ಸಿನ ನಾಲ್ಕರಷ್ಟು, ಇಪ್ಪತ್ತು ವರ್ಷಗಳ ನಂತರ ಎರಡರಷ್ಟು, ಈಗಿನ ವಯಸ್ಸು ಎಷ್ಟು? ನಾನು ಬಗ್ಗಿ ಕೂತು 'ಮಗಳ ವಯಸ್ಸು ಎಕ್ಸ್ ಆಗಿರಲಿ' ಎಂದು ಬರೆದೆ. ತಂದೆಗೆ ನಾಲ್ಕು ಎಕ್ಸ್. ಇಪ್ಪತ್ತು ವರ್ಷ ಆಚೆಗೆ ಎರಡಕ್ಕೂ ಇಪ್ಪತ್ತು ಕೂಡಿಸಿ, ಒಂದನ್ನು ಎರಡರಿಂದ ಗುಣಿಸಿ, ಆವರಣ ಬಿಡಿಸಲು ಹೊರಟಿದ್ದೆ. ಭಾಗ್ಯ ಗೋಡೆಗೆ ಒರಗಿ ಕೂತು ಕಾಲ್ಬೆರಳಿನ ಉಗುರು ಕೀಳುತ್ತಿದ್ದವಳು ತಲೆ ಎತ್ತಲಿಲ್ಲ.

"ಮಗಳ್ಗೆ ಅತ್ತು, ಅಪ್ಪಂಗೆ ನಲ್ವತ್ತು."

"ಯಾಕೆ?" ತಾತ ಅವಳ ಕಡೆ ತಿರುಗಿದರು.

"ಅಪ್ಪಂಗೂ ಮಗಳ್ಗೂ ನಡುವೆ ಇರೋ ವರ್ಸ ಯಾವಾಗ್ಲೂ ಅಷ್ಟೇ ಅಲ್ವಾ ತಾತ? ಈಗ ಅದು ಮಗಳ ವಯಸ್ನ ಮೂರ್ಪಟ್ಟು ಐತೆ. ಆಮೇಲೆ ಒಂದ್ಪಟ್ಟು ಆಯ್ತದೆ. ಅಂಗಾದ್ರೆ ಇಪ್ಪತ್ತು ವರ್ಸಕ್ಕೆ ಮಗಳು ತನ್ನ ಮೂರ್ಪಟ್ಟು ಆಗವ್ಳೆ. ಎಚ್ಚಾಗಿರೋದು ಎರಡ್ಪಟ್ಟು, ಅದೇ ಇಪ್ಪತ್ತು."

ತಾತ ಕುರ್ಚಿಯ ತೋಳನ್ನು ಅಂಗೈಯಿಂದ ಬಡಿದರು. ಮೂರು ವರ್ಷದಲ್ಲಿ ನನಗಾಗಿ ಅವರು ಕುರ್ಚಿ ಬಡಿದಿರಲಿಲ್ಲ.

"ಇವ್ಳು ಮರಿ ಸರ್ವೇರು ಕಣ್ರೋ! ಸೀದಾ ಓಗಿ ಗಡಿ ಕಲ್ಲಿನ ಮೇಲೇ ನಿಂತ್ಕಂಡ್ಲು."

ಆ ರಾತ್ರಿಯ ಊಟಕ್ಕೆ ಭಾಗ್ಯ ಮಣೆಯ ಮೇಲೆ ಕೂತಳು. ನಾನು ಅರ್ಧ ಬಿಡಿಸಿದ್ದ ಆವರಣವನ್ನು ನಾನೇ ಒರೆಸಿದೆ. ಅಮ್ಮ ಹುರುಳಿ ಕಟ್ಟಿನ ಸಾರು ಬಡಿಸುತ್ತ ಅವಳ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. 'ಸಾಕತ್ತೆ' ಅಂದರೂ ಬಿಡಲಿಲ್ಲ. ಅವತ್ತೇ ನಾನು ಡೈರಿಯ ಕೊನೆಯ ಪುಟದಲ್ಲಿ ಎರಡು ಅಂಕಣ ಎಳೆದದ್ದು. ಎಡಕ್ಕೆ 'ನಾನು', ಬಲಕ್ಕೆ 'ಭಾ'. ಮಣೆ ಯಾರಿಗೆ ಸಿಕ್ಕಿತೋ ಅವರ ಅಂಕಣಕ್ಕೆ ಒಂದು ಗೀಟು. ನಾಲ್ಕು ಗೀಟಾದ ಮೇಲೆ ಐದನೆಯದನ್ನು ಅವುಗಳ ಮೇಲೆ ಅಡ್ಡ ಎಳೆದು ಒಂದು ಕಟ್ಟು. ಆಗಸ್ಟ್ ಮುಗಿಯುವಷ್ಟರಲ್ಲಿ ನನ್ನ ಕಡೆ ಮೂರು ಕಟ್ಟು, ಅವಳ ಕಡೆ ಒಂಬತ್ತು.

ನನ್ನ ಲೆಕ್ಕಗಳು ತಪ್ಪಾಗುತ್ತಿದ್ದವು ಎಂದಲ್ಲ. ನಾನು ಸರಿಯಾದ ಉತ್ತರಕ್ಕೆ ಹೋಗಿ ಮುಟ್ಟುವ ಹೊತ್ತಿಗೆ ಅವಳು ಅಲ್ಲಿ ಕೂತು ಉಗುರು ಕೀಳುತ್ತಿರುತ್ತಿದ್ದಳು. ನನ್ನ ಬರವಣಿಗೆ ನೋಡಿ ತಾತ 'ಪಾಣಿ ಬರ್ದಂಗದೆ ಕಣವ್ವ, ಒಂದಕ್ಸರ ಅತ್ಲಾಗಿಲ್ಲ ಇತ್ಲಾಗಿಲ್ಲ' ಎನ್ನುತ್ತಿದ್ದರು. ಜಮೀನಿನ ಪಹಣಿಯಷ್ಟು ಅಚ್ಚುಕಟ್ಟು ಅಂತ. ಮೊದಲು ಹೊಗಳಿಕೆಯಾಗಿ ಕೇಳುತ್ತಿದ್ದ ಮಾತು ಈಗ ಹೊಲ ಕಂಡವರು ಕಾಗದ ಬರೆಯುವವರಿಗೆ ಹೇಳುವ ಸಮಾಧಾನದಂತೆ ಕೇಳತೊಡಗಿತು. ಭಾಗ್ಯಳ ಜಡೆ ನನ್ನದಕ್ಕಿಂತ ಉದ್ದ ಎಂಬುದು, ಅವಳು ಸ್ಟೀಲ್ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಾಳೆ ಎಂಬುದು, ಅವಳಿಗೆ ಜ್ವರ ಬಂದಾಗ ಅಪ್ಪ ಹಾಸನದಿಂದ ಬರುತ್ತ ಕಿತ್ತಳೆ ತಂದರು ಎಂಬುದು, ಎಲ್ಲವನ್ನೂ ಬರೆದಿಟ್ಟಿದ್ದೇನೆ. ಕಿತ್ತಳೆ ಆರು. ನನಗೆ ಎರಡು ಕೊಟ್ಟರು ಎಂದೂ ಇದೆ. ಈಗ ಓದಿದರೆ ನಗು ಬರಬೇಕು, ಪೂರ್ತಿ ಬರುವುದಿಲ್ಲ.

ಸೆಪ್ಟೆಂಬರಿನಲ್ಲಿ ತಾತನ ಕಣ್ಣಿನ ಪೊರೆ ತೆಗೆಸಲು ಅಪ್ಪ ಅವರನ್ನು ಹಾಸನಕ್ಕೆ ಕರೆದುಕೊಂಡು ಹೋದರು. ಆ ಗುರುವಾರ ಸಂಜೆ ನಡುಮನೆಯಲ್ಲಿ ಕುರ್ಚಿ ಖಾಲಿ. ಅಮ್ಮ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಅಭ್ಯಾಸಬಲದಿಂದ ನಾನು ಪುಸ್ತಕ ತೆರೆದು ಲೆಕ್ಕವೊಂದರ ಚಿತ್ರವನ್ನು ನೆಲದ ಮೇಲೆ ಬರೆದೆ. ಮೇಲೊಂದು ಗೆರೆ, ಕೆಳಗೊಂದು ಗೆರೆ, ಎರಡೂ ರೈಲು ಹಳಿಗಳಂತೆ ಸಮಾಂತರ. ಮೇಲಿನ ಗೆರೆಯ ತುದಿಯಿಂದ ಒಂದು ಗೆರೆ ಓರೆಯಾಗಿ ಕೆಳಗಿಳಿದು, ನಡುದಾರಿಯಲ್ಲಿ ಮೊಣಕೈ ಹಾಗೆ ಮಡಚಿಕೊಂಡು, ಕೆಳಗಿನ ಗೆರೆಯ ತುದಿಗೆ ಬಂದು ಸೇರುತ್ತದೆ. ಮೇಲಿನ ತುದಿಯಲ್ಲಿ ಮೂವತ್ತೈದು ಡಿಗ್ರಿ ಕೋನ, ಕೆಳಗಿನ ತುದಿಯಲ್ಲಿ ಇಪ್ಪತ್ತೈದು. ಮೊಣಕೈಯಲ್ಲಿ ಎಷ್ಟು? ಮೇಷ್ಟ್ರು ಆ ಪಾಠ ಇನ್ನೂ ಮಾಡಿರಲಿಲ್ಲ. ತ್ರಿಕೋನವೇ ಇಲ್ಲದ ಚಿತ್ರ. ನಾನು ಹತ್ತು ನಿಮಿಷ ಅದನ್ನೇ ನೋಡಿದೆ, ಗಡಿಯಾರ ನೋಡಿಕೊಂಡಿದ್ದೆ. ಎಲ್ಲಿಂದ ಶುರುಮಾಡುವುದೋ ತಿಳಿಯಲಿಲ್ಲ. ಭಾಗ್ಯ ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಮೊಣಕೈಯ ಮೂಲಕ ಹಾಯುವಂತೆ ಎರಡು ಹಳಿಗಳ ನಡುವೆ ಮೂರನೆಯ ಗೆರೆ ಎಳೆದಳು. ಅದೂ ಸಮಾಂತರ. ಅಷ್ಟೇ. ಮೊಣಕೈಯ ಕೋನ ಎರಡು ತುಂಡಾಯಿತು. ಮೇಲಿನ ತುಂಡು ಮೇಲಿನ ಕೋನಕ್ಕೆ ಸಮ, ಕೆಳಗಿನ ತುಂಡು ಕೆಳಗಿನ ಕೋನಕ್ಕೆ ಸಮ. ಮೂವತ್ತೈದು, ಇಪ್ಪತ್ತೈದು. ಅರವತ್ತು. ಇಷ್ಟು ಹೊತ್ತು ಬಾಗಿಲಿಲ್ಲದ ಗೋಡೆಯಂತಿದ್ದ ಚಿತ್ರ ಒಂದು ಗೆರೆಗೆ ತೆರೆದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ. ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದು ನನ್ನ ಕೈಯಿಂದ ಬಂದಿರಲಿಲ್ಲ.

"ಒರ್ಸೋದು ನಾನು," ಎಂದು ಎದ್ದೆ.

"ತಾತನೇ ಇಲ್ಲ, ಯಾರ್ ಗೆದ್ದ್ರೆ ಏನು ಬುಡು. ಇಬ್ರೂ ಒರ್ಸಣ, ಬಾ," ಅಂದಳು ಭಾಗ್ಯ. ಒದ್ದೆ ಬಟ್ಟೆಯ ಒಂದು ತುದಿ ಅವಳು ಹಿಡಿದಳು, ಇನ್ನೊಂದು ನಾನು.

ಆ ಮಾತನ್ನೇ ನಾನು ನನ್ನ ಅನುಕೂಲಕ್ಕೆ ಬಳಸಿಕೊಂಡೆ. ತಾತ ಇಲ್ಲ, ಆದ್ದರಿಂದ ಮಣೆ ಇಲ್ಲ. ಮಣೆ ಇಲ್ಲ, ಆದ್ದರಿಂದ ಗೀಟು ಇಲ್ಲ. ಗೀಟು ಇಲ್ಲ, ಆದ್ದರಿಂದ ಲೆಕ್ಕ ಇಲ್ಲ. ಪ್ರತಿ ಹಂತಕ್ಕೂ ನನ್ನಲ್ಲಿ ಕಾರಣವಿತ್ತು. 'ಇವತ್ತು ಲೆಕ್ಕ ಇಲ್ಲ' ಎಂದು ಬರೆದು ಡೈರಿ ಮುಚ್ಚಿದೆ. ಆದರೆ ಗಣಿತದ ನೋಟ್‌ಬುಕ್ಕಿನಲ್ಲಿ ಅದೇ ಲೆಕ್ಕವನ್ನು ನೀಟಾಗಿ ಬರೆದುಕೊಂಡೆ. ಮೊದಲು ದತ್ತ, ಅಂದರೆ ಕೊಟ್ಟಿರುವುದು. ಆಮೇಲೆ ಸಾಧನೀಯ, ತೋರಿಸಬೇಕಾದದ್ದು. ಆಮೇಲೆ ರಚನೆ, ಅಂದರೆ ನಾವೇ ಹೊಸದಾಗಿ ಎಳೆದುಕೊಂಡ ಗೆರೆ. ಕೊನೆಗೆ ಸಾಧನೆ, ಏಳು ಹಂತ, ಪ್ರತಿ ಹಂತದ ಮುಂದೆ ಕಾರಣ. ಬರೆದು ಮುಗಿಸಿದಾಗ ಅದು ನನ್ನದೇ ಅನ್ನಿಸಿತು. ತಾತ ಮರಳಿ ಬಂದರು, ಕಣ್ಣಿಗೆ ಕರಿ ಕನ್ನಡಕ. ಒಂದು ತಿಂಗಳು ಬಗ್ಗಿ ನೋಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಸಂಜೆಯ ಲೆಕ್ಕ ನಿಂತಿತು. ಗುರುವಾರದ ಗೆರೆಯ ಸುದ್ದಿ ಅವರಿಗೆ ಮುಟ್ಟಲೇ ಇಲ್ಲ.

ಎರಡು ವಾರಕ್ಕೆ ಅರ್ಧವಾರ್ಷಿಕ ಪರೀಕ್ಷೆ ಬಂತು. ಅಷ್ಟರಲ್ಲಿ ಮೇಷ್ಟ್ರು ಆ ಪಾಠ ಮಾಡಿ, ಇಂಥ ಚಿತ್ರ ಬಂದರೆ ಓರೆ ಗೆರೆಯನ್ನು ಮುಂದಕ್ಕೆ ಎಳೆದು ಕೆಳಗಿನ ಗೆರೆಗೆ ಮುಟ್ಟಿಸಿ ತ್ರಿಕೋನ ಮಾಡಿಕೊಳ್ಳಬೇಕು ಎಂದು ಕಲಿಸಿದ್ದರು. ಪ್ರಶ್ನೆಪತ್ರಿಕೆಯಲ್ಲಿ ಅದೇ ಚಿತ್ರ, ನಾಲ್ಕು ಅಂಕ. ಕೋನಗಳು ಮಾತ್ರ ಬೇರೆ, ನಲವತ್ತು ಮತ್ತು ಮೂವತ್ತು. ತರಗತಿಯವರೆಲ್ಲ ತ್ರಿಕೋನ ಮಾಡಿದರು. ನಾನು ಮೂರನೆಯ ಗೆರೆ ಎಳೆದು ಏಳು ಹಂತ ಬರೆದೆ. ನನ್ನ ಹಿಂದಿನ ಬೆಂಚಿನಲ್ಲಿದ್ದ ಭಾಗ್ಯ ಮೂರನೆಯ ಗೆರೆ ಎಳೆದು ಕೆಳಗೆ '70' ಎಂದಷ್ಟೇ ಬರೆದಳು. ಮುಂದಿನ ವಾರ ಉತ್ತರಪತ್ರಿಕೆ ಹಂಚುವ ದಿನ ಮೇಷ್ಟ್ರು ನಮ್ಮಿಬ್ಬರ ಹಾಳೆಗಳನ್ನು ಮಾತ್ರ ಕೈಯಲ್ಲಿಟ್ಟುಕೊಂಡು ನಮ್ಮನ್ನು ಎದ್ದು ನಿಲ್ಲಿಸಿದರು. ಅವರು ಕೆಟ್ಟವರಲ್ಲ. ನಾನು ಈಗ ಅವರ ಜಾಗದಲ್ಲಿ ನಿಂತು ಯೋಚಿಸಿದರೆ, ನನಗೂ ಅದೇ ಅನುಮಾನ ಬರುತ್ತಿತ್ತು.

"ಇಡೀ ಕ್ಲಾಸಲ್ಲಿ ಈ ಗೆರೆ ಎಳೆದಿರೋದು ಇಬ್ರೇ. ಒಬ್ಳು ಮುಂದೆ, ಒಬ್ಳು ಹಿಂದೆ. ಏನಮ್ಮ ಭಾಗ್ಯ, ಉತ್ತರ ಎಲ್ಲಿಂದ ಬಂತು? ಹಂತ ಎಲ್ಲಿ?"

"ಆ ಗೆರೆ ಎಳೆದ್ರೆ ತಾನೇ ಬಂದ್ಬುಡ್ತದೆ ಸಾ."

ಎಲ್ಲರೂ ನಕ್ಕರು. "ಓಹೋ, ತಾನೇ ಬಂದ್ಬಿಡುತ್ತಾ? ನಾನು ಹೇಳಿಕೊಡದೆ ಇರೋ ಗೆರೆ ನಿಂಗೆ ಯಾರು ಹೇಳಿಕೊಟ್ರು?"

"ನಾನೇ ಸಾ. ಮನೇಲಿ..." ಎಂದು ನನ್ನ ಕಡೆ ನೋಡಿದಳು. ಮುಂದಿನದನ್ನು ನಾನು ಹೇಳುತ್ತೇನೆ ಎಂದು ಬಿಟ್ಟುಕೊಟ್ಟವಳಂತೆ.

ಮೇಷ್ಟ್ರು ನನ್ನತ್ತ ತಿರುಗಿದರು. "ರಮ್ಯ, ನೀನು ಹೇಳು. ಇವಳು ನಿನ್ನ ಪೇಪರ್ ನೋಡಿ ಬರೆದ್ಲಾ?"

ಆ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಇದ್ದ ಹೊತ್ತು ತೀರ ಕಡಿಮೆ. ಅಷ್ಟರಲ್ಲೇ ನಾನು ಎಲ್ಲ ಹಂತಗಳನ್ನೂ ಬಿಡಿಸಿದ್ದೆ. ಕಂಪ್ಲೇಂಟ್ ಹೋಗುತ್ತದೆ. ಮಾವ ಬರುತ್ತಾರೆ. ಭಾಗ್ಯ ಊರಿಗೆ ಹೋಗುತ್ತಾಳೆ. ತಾತನ ಕಣ್ಣು ವಾಸಿಯಾಗುತ್ತದೆ. ಮಣೆ ನನ್ನದಾಗುತ್ತದೆ.

"ಗೊತ್ತಿಲ್ಲ ಸಾರ್," ಅಂದೆ.

ಆ ಪ್ರಶ್ನೆಗೆ ಭಾಗ್ಯಳಿಗೆ ಸೊನ್ನೆ ಬಿತ್ತು, ಸೋಮವಾರ ತಂದೆಯನ್ನು ಕರೆದುಕೊಂಡು ಬಾ ಎಂದರು. ದಾರಿಯಲ್ಲಿ ಅವಳು ನನ್ನನ್ನು ಬೈದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು, ಮನೆಗೆ ಬಂದು ಅಪ್ಪನಿಗೆ ವಿಷಯ ಹೇಳಿದಳು, ನನ್ನ ಹೆಸರು ಎತ್ತಲಿಲ್ಲ. ಆಮೇಲೆ ಬೀರು ತೆಗೆದು ಬಟ್ಟೆ ಮಡಚಲು ಕೂತಳು. ಅವಳ ಲಂಗಗಳಲ್ಲಿ ಹೊಗೆಸೊಪ್ಪಿನ ವಾಸನೆ ಹೋಗಿ ನಮ್ಮ ಮನೆಯ ಸೋಪಿನ ವಾಸನೆ ಬಂದಿತ್ತು.

ಭಾನುವಾರ ಬೆಳಿಗ್ಗೆ ಮಾವ ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಬಂದಿಳಿದರು. ಸೊಪ್ಪಿನ ಅಂಟು ಉಗುರುಗಳಲ್ಲಿ ಇನ್ನೂ ಕಪ್ಪಗಿತ್ತು. ಅಮ್ಮ ಕೊಟ್ಟ ಅಕ್ಕಿರೊಟ್ಟಿಯನ್ನು ಮುಟ್ಟದೆ ಪಡಸಾಲೆಯಲ್ಲಿ ನಿಂತೇ ಮಾತಾಡಿದರು.

"ಕಾಪಿ ಒಡ್ಯಾಕೆ ಇಷ್ಟು ದೂರ ಬರ್ಬೇಕಿತ್ತಾ? ಮಾನ ಕಳುದ್ಲು. ನಡೀಲೇ, ಚೀಲ ತಕ್ಕೊ."

"ಕೂತ್ಕಳಪ್ಪ," ಅಂದರು ತಾತ ಕುರ್ಚಿಯಿಂದ, ಕರಿ ಕನ್ನಡಕ ಮೇಲೆತ್ತಿ. "ಬಸ್ಸು ಇನ್ನೂ ಐದಾವೆ. ಆ ಲೆಕ್ಕ ಏನು ಅಂತ ನಂಗೆ ಯಾರೂ ಯೋಳ್ನಿಲ್ಲ. ಪುಟ್ಟಿ, ನಾಕಕ್ಕೆ ನಾಕು ನಿಂಗೆ ಬಂದದಲ್ಲ, ಬಾ, ಇಲ್ಲಿ ಮಾಡು. ನಂಗೆ ಬಗ್ಗಂಗಿಲ್ಲ, ಕಾಣಾಕಿಲ್ಲ. ಯೋಳ್ಕಂಡು ಮಾಡು."

ಎಲ್ಲರೂ ನಡುಮನೆಗೆ ಬಂದರು. ಮಾವ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು, ಅಪ್ಪ ಚಾಪೆಯ ಮೇಲೆ ಕೂತರು, ಅಮ್ಮ ಸೌಟು ಹಿಡಿದೇ ಬಂದಳು. ಭಾಗ್ಯ ಚೀಲದ ಪಕ್ಕದಲ್ಲಿ. ನಾನು ನೆಲದ ಮೇಲೆ ಚಿತ್ರ ಬರೆದು ಶುರುಮಾಡಿದೆ. ದತ್ತ ಹೇಳಿದೆ. ಸಾಧನೀಯ ಹೇಳಿದೆ. ರಚನೆ: ಮಡಚಿದ ಬಿಂದುವಿನ ಮೂಲಕ ಎರಡೂ ರೇಖೆಗಳಿಗೆ ಸಮಾಂತರವಾಗಿ ಇನ್ನೊಂದು ರೇಖೆ. ನನ್ನ ದನಿ ಗಟ್ಟಿಯಾಗಿತ್ತು. ಸಾಧನೆಯ ಪ್ರತಿ ಹಂತಕ್ಕೂ ತಾತ 'ಯಾಕೆ?' ಎಂದರು, ನಾನು ತಟ್ಟನೆ ಕಾರಣ ಕೊಟ್ಟೆ. ಪರ್ಯಾಯ ಕೋನಗಳು ಸಮ. ಮತ್ತೆ ಪರ್ಯಾಯ ಕೋನಗಳು. ಕೂಡಿಸಿದರೆ ಎಪ್ಪತ್ತು. ಒಂದು ತಪ್ಪಿಲ್ಲ. ಮಾವ ಮಗಳ ಕಡೆ 'ನೋಡಿದ್ಯಾ' ಎನ್ನುವಂತೆ ನೋಡಿದರು.

ತಾತ ಕೈ ಎತ್ತಿ ತಡೆದರು. "ಇಂದಕ್ಕೋಗು. ನಡುವೆ ಒಂದು ಗೆರೆ ಅಂದ್ಯಲ್ಲ, ಅದುನ್ನ ಯಾಕೆ ಎಳೆದೆ?"

"ಎರಡಕ್ಕೂ ಸಮಾಂತರ ಬರೋ ಹಾಗೆ, ಆ ಬಿಂದುವಿಂದ..."

"ಅದು ಎಂಗ್ ಎಳೆದೆ ಅನ್ನಾದು. ನಾ ಕೇಳಿದ್ದು ಯಾಕೆ ಎಳೆದೆ. ಅಷ್ಟು ಜಾಗ ಬಿದ್ದದೆ, ಸರಪಣಿ ತಂದು ಅಲ್ಲೇ ಯಾಕೆ ಇಟ್ಟೆ?"

ಏಳು ಹಂತಗಳಿಗೂ ಕಾರಣವಿದ್ದ ನನಗೆ ಇದಕ್ಕೆ ಕಾರಣವಿರಲಿಲ್ಲ. ರಚನೆಯ ಮುಂದೆ ಕಾರಣ ಬರೆಯುವ ಪದ್ಧತಿ ಪುಸ್ತಕದಲ್ಲಿಲ್ಲ. ಅದನ್ನು ಎಳೆದ ಮೇಲೆಯೇ ಹಂತಗಳು ಶುರುವಾಗುವುದು. ಅಡುಗೆಮನೆಯಲ್ಲಿ ರೊಟ್ಟಿ ಸೀದ ವಾಸನೆ ಬಂತು, ಅಮ್ಮ ಕದಲಲಿಲ್ಲ.

"ಭಾಗ್ಯವ್ವ, ನೀ ಯೋಳು," ಅಂದರು ತಾತ.

ಅವಳು ಎದ್ದು ಬರಲಿಲ್ಲ. ಕೂತಲ್ಲಿಂದಲೇ, ಅವಳ ಅಪ್ಪನ ಕಾಲುಗಳನ್ನು ನೋಡುತ್ತ ಹೇಳಿದಳು.

"ಮೇಲೊಂದು ಸಾಲು, ಕೆಳ್ಗೊಂದು ಸಾಲು ಇತ್ತು ತಾತ. ನಡುವೆ ಆ ಮೂಲೆ ಒಂದೇ ನಿಂತಿತ್ತು, ಮೇಲ್ನೋರ್ಗೂ ಸೇರ್ದು, ಕೆಳ್ಗಿನೋರ್ಗೂ ಸೇರ್ದು. ಸೊಪ್ಪಿನ ಒಲದಲ್ಲಿ ಅಂಗೆ ಖಾಲಿ ಬಿದ್ದ್ರೆ ಸುಮ್ಕಿರ್ತೀವಾ? ನಡುವೆ ಒಂದು ಸಾಲು ಕಮ್ಮಿ ಇತ್ತು. ನೆಟ್ಟೆ, ಅಷ್ಟೇ."

ಮೊದಲು ಅಲುಗಾಡಿದವರು ಮಾವ. ಬಾಗಿಲು ಬಿಟ್ಟು ಬಂದು ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಸೀಮೆಸುಣ್ಣದ ಮೂರು ಗೆರೆಗಳನ್ನು ತಮ್ಮ ಹೊಲವನ್ನೇ ನೋಡುವಂತೆ ನೋಡಿದರು. ಗಣಿತ ಗೊತ್ತಿಲ್ಲದ ಅವರಿಗೆ ಸಾಲು ಗೊತ್ತಿತ್ತು.

ತಾತ ನನ್ನ ಕಡೆ ತಿರುಗಿದರು. ಕಪ್ಪು ಗಾಜಿನಲ್ಲಿ ಅವರ ಕಣ್ಣು ಕಾಣುತ್ತಿರಲಿಲ್ಲ, ನನ್ನ ಮುಖ ಎರಡು ಕಡೆ ಕಾಣುತ್ತಿತ್ತು.

"ಪುಟ್ಟಿ, ಅದು ಅವ್ಳ ಗೆರೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ತಾತ."

"ಮೇಷ್ಟ್ರು ಕೇಳ್ನಿಲ್ವಾ?"

"ಕೇಳಿದ್ರು. ಗೊತ್ತಿಲ್ಲ ಅಂದೆ."

"ಯಾಕೆ?"

ಇದಕ್ಕೆ ಕಾರಣವಿತ್ತು, ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ತೆರೆದೆ, ಅಳು ಬಂತು. ಅಮ್ಮ ಸೌಟಿನಿಂದ ನನ್ನ ಬೆನ್ನಿಗೊಂದು ಬಿಟ್ಟಳು. ಅಪ್ಪ 'ಥೂ' ಅಂದರು. ತಾತ ಮಾತ್ರ ಉತ್ತರಕ್ಕೆ ಕಾಯುತ್ತಲೇ ಕೂತಿದ್ದರು.

"ಮಣೆಗೆ," ಎಂದೆ ಕೊನೆಗೆ.

ಮಾವ ಅವತ್ತು ಉಳಿದರು. ಸೋಮವಾರ ನಾನು, ಭಾಗ್ಯ, ಮಾವ ಮೂವರೂ ಶಾಲೆಗೆ ಹೋದೆವು. ತರಗತಿಯ ಮುಂದೆ ನಿಂತು, ಗೆರೆ ಭಾಗ್ಯಳದು, ಮನೆಯಲ್ಲಿ ಅವಳೇ ಎಳೆದದ್ದು, ನನಗೆ ಗೊತ್ತಿದ್ದೂ ಹೇಳಲಿಲ್ಲ ಎಂದು ಹೇಳಿದೆ. ಮೇಷ್ಟ್ರು ಬಹಳ ಹೊತ್ತು ಎರಡು ಹಾಳೆಗಳನ್ನೂ ತಿರುವಿದರು. ಹಂತಗಳಿಲ್ಲದ್ದಕ್ಕೆ ಪೂರ್ತಿ ಅಂಕ ಕೊಡಲು ಬರುವುದಿಲ್ಲ ಎಂದು, ರಚನೆಗೊಂದು ಉತ್ತರಕ್ಕೊಂದು ಸೇರಿಸಿ ಭಾಗ್ಯಳಿಗೆ ಎರಡು ಅಂಕ ಹಾಕಿದರು. ನನ್ನ ನಾಲ್ಕನ್ನು ಮುಟ್ಟಲಿಲ್ಲ, ಬರೆದದ್ದರಲ್ಲಿ ತಪ್ಪಿರಲಿಲ್ಲವಲ್ಲ. ಗೆರೆ ಕದ್ದವಳಿಗೆ ನಾಲ್ಕು, ಎಳೆದವಳಿಗೆ ಎರಡು. ಹಾಗಿದ್ದೂ ನನಗೆ ಆ ಎರಡರ ಮೇಲೆ ಹೊಟ್ಟೆಕಿಚ್ಚಾಯಿತು. ಯಾಕೆಂದರೆ ಮೇಷ್ಟ್ರು ಬೋರ್ಡಿನ ಮೇಲೆ ಆ ಚಿತ್ರ ಬರೆದು, ಮೂರನೆಯ ಗೆರೆಯನ್ನು ಹಳದಿ ಸೀಮೆಸುಣ್ಣದಲ್ಲಿ ಎಳೆದು, 'ಇದು ಭಾಗ್ಯಳ ಗೆರೆ, ಬರ್ಕೊಳ್ಳಿ' ಅಂದರು. ಹತ್ತನೇ ತರಗತಿ ಮುಗಿಯುವವರೆಗೂ ನಮ್ಮ ಶಾಲೆಯಲ್ಲಿ ಅದಕ್ಕೆ ಅದೇ ಹೆಸರು. ನಾನು ಈಗ ಚನ್ನರಾಯಪಟ್ಟಣದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತೇನೆ. ವರ್ಷಕ್ಕೊಮ್ಮೆ ಆ ಗೆರೆ ಎಳೆಯುವಾಗ ಹೆಸರು ಹೇಳಬೇಕೋ ಬೇಡವೋ ಎಂದು ಒಂದು ಕ್ಷಣ ತಡೆಯುತ್ತೇನೆ. ಹೇಳುತ್ತೇನೆ. ಆದರೆ ತಡೆಯುವುದಂತೂ ನಿಜ. ಭಾಗ್ಯ ಅರಕಲಗೂಡಿನ ಕಡೆ ಸರ್ವೇಯರ್ ಆಗಿದ್ದಾಳೆ. ತಾತನ ಸರಪಳಿ ಈಗ ಅವಳ ಮನೆಯ ಗೋಡೆಯಲ್ಲಿದೆ. ಅದಕ್ಕೂ ನನಗೆ ಹೊಟ್ಟೆಕಿಚ್ಚಿದೆ ಎಂದು ಇಲ್ಲೇ ಬರೆದುಬಿಡುತ್ತೇನೆ, ಬಿಟ್ಟುಹೋದರೆ ಮತ್ತೆ ಸುಳ್ಳಾಗುತ್ತದೆ.

ಆ ಸೋಮವಾರ ಸಂಜೆ ಮಾವ ಚೀಲ ಬಿಟ್ಟು, ಮಗಳನ್ನೂ ಬಿಟ್ಟು ಬಸ್ಸು ಹತ್ತಿದರು. ನಾನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಡೈರಿ ಬರೆಯುತ್ತಿದ್ದೆ. ಭಾಗ್ಯ ಬಂದು ಎದುರಿಗೆ ನಿಂತು ಕೈ ಚಾಚಿದಳು. ಮೂರು ದಿನಗಳ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

"ಕೊಡು ಅದುನ್ನ."

ಕೊಟ್ಟೆ. ಅವಳು ಹಿಂದಿನಿಂದ ಹಾಳೆ ತಿರುವಿದ್ದರಿಂದ ಕೊನೆಯ ಪುಟವೇ ಮೊದಲು ಸಿಕ್ಕಿತು. 'ನಾನು', 'ಭಾ'. ಗೀಟುಗಳ ಕಟ್ಟುಗಳ ಮೇಲೆ ಬೆರಳು ಓಡಿಸಿದಳು. ಏನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು; ಲೆಕ್ಕವೊಂದು ತಿಳಿಯಲು ಅವಳು ಹೊತ್ತು ತೆಗೆದುಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಇದು ಮಣೇದಾ? ನಾನು ಇಷ್ಟು ಸತಿ ಕೂತಿದ್ದೀನಾ?" ಅವಳಿಗೆ ನಿಜವಾಗಿಯೂ ಆಶ್ಚರ್ಯ. "ನಂಗೆ ಗೊತ್ತೇ ಇರ್ನಿಲ್ಲ ಕಣೇ."

ಅವಳು ಒಂದು ದಿನವೂ ಎಣಿಸಿರಲಿಲ್ಲ. ನಾಲ್ಕು ತಿಂಗಳು ನಾನು ಓಡಿದ ಓಟದಲ್ಲಿ ನನ್ನ ಪಕ್ಕದ ಹಾದಿಯಲ್ಲಿ ಯಾರೂ ಇರಲಿಲ್ಲ. ಅವಳ ಕಟ್ಟುಗಳಿಗಾಗಿ, ಗೆರೆಗಾಗಿ, ಕಿತ್ತಳೆಗಾಗಿ ಪಟ್ಟ ಹೊಟ್ಟೆಕಿಚ್ಚನ್ನೆಲ್ಲ ಕೂಡಿಸಿದರೂ ಆ ಗಳಿಗೆಯಲ್ಲಿ ಹುಟ್ಟಿದ್ದಕ್ಕೆ ಸಮವಾಗಲಿಲ್ಲ. ಎಣಿಸದೆ ಇರುವುದು ಹೇಗೆ ಎಂದು ಅವಳನ್ನು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಅವಳು ಹಾಳೆಗಳನ್ನು ತಿರುವಿ ಸೆಪ್ಟೆಂಬರಿನ ಆ ಗುರುವಾರಕ್ಕೆ ಬಂದು ನಿಂತಳು. ಮೂರು ಪದಗಳನ್ನು ಓದಿದಳು. ಮತ್ತೆ ಕೊನೆಯ ಪುಟ ತೆರೆದು, ಡೈರಿಯನ್ನು ನನ್ನ ಮಡಿಲಿಗೆ ಇಟ್ಟು, ಕಲ್ಲಿನ ಮೇಲೆ ಬಿದ್ದಿದ್ದ ಪೆನ್ನು ಎತ್ತಿ ಕೊಟ್ಟಳು.

"ಗೀಟು ಆಕು. ಎಣಿಸೋದಾದ್ರೆ ಸರಿಯಾಗಿ ಎಣಿಸು."

ಅವಳ ಅಂಕಣದ ಕೊನೆಯಲ್ಲಿ ನಾಲ್ಕು ಗೀಟು ಬಿಡಿಯಾಗಿ ನಿಂತಿದ್ದವು. ಅವಳು ನೋಡುತ್ತಿರುವಂತೆಯೇ ಐದನೆಯದನ್ನು ಅವುಗಳ ಮೇಲೆ ಅಡ್ಡ ಎಳೆದೆ.